ಕೌದಿಯ ಲೆಕ್ಕ

ಶಿಕ್ಷಕರ ತರಬೇತಿ ಶಿಬಿರಗಳಲ್ಲಿ ಮೊದಲ ದಿನ ಒಂದು ಫಾರ್ಮು ಕೊಡುತ್ತಾರೆ. ಹೆಸರು, ಶಾಲೆ, ವಿದ್ಯಾರ್ಹತೆ, ಸೇವಾವಧಿ ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ 'ಹವ್ಯಾಸ' ಎಂದೊಂದು ಕಾಲಂ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಎಲ್ಲರೂ 'ಓದುವುದು' ಎಂದು ಬರೆಯುತ್ತಾರೆ. ಪುಸ್ತಕ ಮುಟ್ಟದೆ ಇಪ್ಪತ್ತು ವರ್ಷವಾದವರೂ ಹಾಗೆಯೇ ಬರೆಯುತ್ತಾರೆ. ನಾನೂ ಬರೆಯುತ್ತಿದ್ದೆ. ಕಳೆದ ಸಲ ಮಾತ್ರ ಏನನ್ನಿಸಿತೋ, 'ಕೌದಿ ಹೊಲಿಯುವುದು' ಎಂದು ಬರೆದೆ. ಫಾರ್ಮು ಕೂಡಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರು ಅದನ್ನು ನೋಡಿ, "ಅಕ್ಕೋರ, ಕೌದಿ ಹೊಲಿಯೂದು ಹವ್ಯಾಸ ಹೆಂಗಾಗತೈತ್ರಿ? ಅದು ದುಡಿಮಿ ಅಲ್ಲೇನ್ರಿ?" ಎಂದು ನಕ್ಕರು. ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಆ ಮಾತು ಬಸ್ಸು ಹತ್ತಿ ನನ್ನ ಸಂಗಡವೇ ಊರಿಗೆ ಬಂತು.

ನಾನು ಸೂಜಿ ಹಿಡಿದದ್ದು ತೀರ ಈಚೆಗೆ. ಮಗ ಕೆಲಸಕ್ಕೆಂದು ಬೆಂಗಳೂರು ಸೇರಿದ. ಸಂಜೆಗಳು ಖಾಲಿಯಾದವು. ಅವ್ವನ ಟ್ರಂಕಿನಲ್ಲಿ ಉಡಲಾಗದ, ಎಸೆಯಲೂ ಆಗದ ಸೀರೆಗಳಿದ್ದವು. ಹಳೆಯ ಬಟ್ಟೆ ಎಸೆಯಲಾಗದ ಈ ಕಾಯಿಲೆ ನಮ್ಮೊಬ್ಬರದೇ ಅಲ್ಲ. ನಮ್ಮ ಕೌದಿ ಮಹಾರಾಷ್ಟ್ರದಲ್ಲಿ ಗೋಧಡಿ, ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರ ಕೌದಿಯ ಚೆಲುವೇ ಬೇರೆ. ಅವರು ಅಂಚಿನಿಂದ ಹೊಲಿಗೆ ಸುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಮಡಿಚಿದ ಬಟ್ಟೆಯ ಹೂವು ಇಡದಿದ್ದರೆ ಅವರಿಗೆ ಕೌದಿ ಬೆತ್ತಲೆಯಾಗಿ ಕಾಣುತ್ತದಂತೆ.

ನನಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಮನೆಯಲ್ಲಿದ್ದ ಒಂದು ಹಳೆಯ ಕೌದಿಯನ್ನೇ ಗುರುವಾಗಿ ಇಟ್ಟುಕೊಂಡೆ. ಪಡಸಾಲೆಯಲ್ಲಿ ಮೊದಲು ಅಡಿಯ ಸೀರೆ ಹಾಸಿ ನಾಲ್ಕು ಮೂಲೆಗೆ ಕಲ್ಲು ಹೇರಬೇಕು. ಅದರ ಮೇಲೆ ಮೂರು ನಾಲ್ಕು ಪದರ ಹಳೆಯ ಧೋತರ, ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳು. ಬಟ್ಟೆ ಸರಿಯದ ಹಾಗೆ ಅಲ್ಲಲ್ಲಿ ದೊಡ್ಡ ಹೊಲಿಗೆ ಹಾಕಿಕೊಂಡು ಆಮೇಲೆ ಸಾಲು ಹಿಡಿಯಬೇಕು. ಹೊಸ ಬಟ್ಟೆಯಲ್ಲಿ ಸೂಜಿ ಇಳಿಯುವುದಿಲ್ಲ. ಪಾಲಿಯೆಸ್ಟರ್ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ. ಉಟ್ಟು ಒಗೆದು ಮೆತ್ತಗಾದ ಹತ್ತಿಯೇ ಕೌದಿಗೆ ಲೇಸು. ಅವ್ವನ ಇಳಕಲ್ಲ ಸೀರೆಯ ಮೈ ಹತ್ತಿ, ಸೆರಗು ರೇಷ್ಮೆ. ನೇಯುವಾಗ ಎರಡನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೂಡಿದ ಜಾಗದಲ್ಲಿ ಕತ್ತರಿ ಇಡಲು ನನಗೆ ಒಂದು ವಾರ ಹಿಡಿಯಿತು. ಕಡೆಗೆ ಮೈಯನ್ನು ಅಡಿಗೆ ಹಾಸಿ, ಸೆರಗನ್ನು ಗುಳೇದಗುಡ್ಡದ ಖಣದ ತುಂಡುಗಳ ಜೊತೆ ಮೇಲೆ ಇಟ್ಟೆ.

ದಿನಾ ಸಂಜೆ ಒಂದು ತಾಸು, ರವಿವಾರ ಎರಡು ತಾಸು. ದಸರೆಗೆ ಹಿಡಿದ ಕೌದಿ ಸಂಕ್ರಾಂತಿಗೆ ಮುಗಿಯಿತು. ಬೆರಳ ತುದಿ ಜಡ್ಡುಗಟ್ಟಿತು, ಸೊಂಟ ಹಿಡಿದುಕೊಂಡಿತು. ಶಾಲೆಯಲ್ಲಿ ಸುಣ್ಣದ ಕಡ್ಡಿ ಹಿಡಿದರೂ ಬೆರಳು ಉರಿಯುತ್ತಿತ್ತು. ಮುಗಿದ ದಿನ ಸುಮ್ಮನೆ ಕುತೂಹಲಕ್ಕೆ ಹಳೆಯ ಪ್ರಶ್ನೆಪತ್ರಿಕೆಯೊಂದರ ಬೆನ್ನಿಗೆ ಲೆಕ್ಕ ಹಾಕಿದೆ. ನಾನು ಬಿ.ಎ. ಓದಿ ಸಮಾಜ ವಿಜ್ಞಾನ ಕಲಿಸುವವಳು, ಲೆಕ್ಕವೆಂದರೆ ಅಷ್ಟಕ್ಕಷ್ಟೆ. ಆದರೂ ಇದು ತಪ್ಪಲಿಲ್ಲ. ಉದ್ದ 6 ಅಡಿ, ಅಗಲ 4½ ಅಡಿ. ಅರ್ಧ ಇಂಚಿಗೊಂದು ಸಾಲಿನಂತೆ 108 ಸಾಲು. ಒಟ್ಟು 648 ಅಡಿ ಹೊಲಿಗೆ. ಇಂಚಿಗೆ ಮೂರು ಹೊಲಿಗೆಯಂತೆ 23,328 ಸಲ ಸೂಜಿ ಏರಿ ಇಳಿದಿತ್ತು.

ಅಂಕಿ ನೋಡಿ ಹಿಗ್ಗಬೇಕಾದ ಹೊತ್ತಿನಲ್ಲಿ ನನಗೆ ಇನ್ನೊಂದು ಲೆಕ್ಕ ನೆನಪಾಯಿತು. ಅರ್ಧ ಇಂಚಿನ ಈ ಅಳತೆಯನ್ನು ನಾನು ತೆಗೆದುಕೊಂಡದ್ದು ಹಳೆಯ ಕೌದಿಯಿಂದ. ಆ ಕೌದಿಯ ಸಾಲು ಅರ್ಧ ಇಂಚಿಗೆ ಇರಬಾರದಿತ್ತು.

1996ನೆಯ ಇಸವಿ. ನಮ್ಮೂರು ಆಗ ವಿಜಾಪುರ ಜಿಲ್ಲೆಯಲ್ಲಿತ್ತು. ಬಾಗಲಕೋಟೆ ಜಿಲ್ಲೆಯಾದದ್ದು ಮರುವರ್ಷ. ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ನೌಕರಿ ಸೇರಿ ಹೆಚ್ಚು ದಿನವಾಗಿರಲಿಲ್ಲ. ಕೈಯಲ್ಲಿ ಸ್ವಂತದ ಪಗಾರ, ಮಾತಿನಲ್ಲಿ ಅದರ ಬಿಗುವು. "ಕೌದಿ ಹೊಲಿಸ್ತೀರೇನ್ರೆವ್ವಾ!" ಎಂದು ಓಣಿಯಲ್ಲಿ ಕೂಗುತ್ತ ಬಂದವಳು ಗೊಂದಲಿಗರ ಮನೆಯ ಮುದುಕಿ. ಅವರ ಗಂಡಸರು ಸಂಬಾಳ ಬಾರಿಸಿ ಅಂಬಾಭವಾನಿಯ ಗೊಂದಲ ಹಾಕುತ್ತಿದ್ದರು, ಹೆಂಗಸರು ಊರೂರು ತಿರುಗಿ ಕೌದಿ ಹೊಲಿಯುತ್ತಿದ್ದರು. ಅವ್ವ ಅವಳಿಗೆ ನೀರು ಕೊಟ್ಟು ಕೂಡಿಸಿದಳು. ಚೌಕಾಶಿ ಮಾಡಿದವಳು ನಾನು.

"ಒತ್ತ ಸಾಲ ಹಾಕಿದ್ರ ಅರವತ್ತು ರೂಪಾಯಿ ಆಗತೈತಿ ಅಕ್ಕೋರ. ಬಿಡಿ ಸಾಲ ಸಾಕಂದ್ರ ನಲವತ್ತಕ್ಕ ಹೊಲಿದ ಕೊಡ್ತೀನಿ" ಎಂದಳು.

"ಬಿಡಿ ಸಾಲನ ಸಾಕ ಬಿಡ ಆಯಿ" ಎಂದೆ. ಇಪ್ಪತ್ತು ರೂಪಾಯಿ ಉಳಿಸಿದೆನೆಂದು ಅಂದು ರಾತ್ರಿ ಅವ್ವನ ಮುಂದೆ ಹೇಳಿಕೊಂಡೆ ಕೂಡ.

ನಾಲ್ಕು ದಿನ ನಮ್ಮ ಪಡಸಾಲೆಯಲ್ಲಿ ಕೂತು ಹೊಲಿದಳು. ನಲವತ್ತು ರೂಪಾಯಿ, ಒಂದು ಸೇರು ಜೋಳ ತೆಗೆದುಕೊಂಡು, "ಕೂಸಿಗೆ ಚಲೋ ಆಗ್ಲಿ ಯವ್ವಾ" ಎಂದು ಹೋದಳು. ಸಾಲು ಒತ್ತಾಗಿದೆಯೋ ಬಿಡಿಯಾಗಿದೆಯೋ ಎಂದು ನಾವು ನೋಡಲಿಲ್ಲ. ನೋಡಿದ್ದರೂ ತಿಳಿಯುತ್ತಿರಲಿಲ್ಲ.

ಈಗ ತಿಳಿಯುತ್ತದೆ. ಬಾಣಂತಿಯ ಕೌದಿ ಮೇಲಿಂದ ಮೇಲೆ ನೀರು ಕಾಣುವಂಥದ್ದು. ಇಂಚಿಗೊಂದು ಬಿಡಿ ಸಾಲು ಹಾಕಿದರೆ ಒಗೆದಾಗಲೆಲ್ಲ ಒಳಗಿನ ಧೋತರ ಸರಿದು ಮುದ್ದೆಗಟ್ಟುತ್ತದೆ, ಕೂಸಿನ ಬೆನ್ನಿಗೆ ಒತ್ತುತ್ತದೆ. ಬಿ.ಎಡ್. ಮಾಡಿದ ನನಗೆ ಅದು ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ದುಡ್ಡು 324 ಅಡಿ ಹೊಲಿಗೆಗೆ ತೆಗೆದುಕೊಂಡು 648 ಅಡಿ ಹೊಲಿದಿಟ್ಟು ಹೋಗಿದ್ದಳು. ಹಾಗೆಂದು ಹೇಳಲೂ ಇಲ್ಲ.

ಆ ಮೇಲೆ ಅವಳು ನಮ್ಮ ಓಣಿಗೆ ಬಂದದ್ದು ನನಗೆ ನೆನಪಿಲ್ಲ. ಅಂದೇ ಮುದುಕಿ, ಈಗ ಇರಲಾರಳು. ಹುಡುಕೋಣವೆಂದರೆ ಯಾರೆಂದು ಕೇಳಲಿ? ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ತೆರೆದು ನಲವತ್ತು ಐವತ್ತು ಹೆಸರು ಕೂಗುವವಳು ನಾನು. ನಾಲ್ಕು ದಿನ ನಮ್ಮ ಮನೆಯಲ್ಲಿ ಕೂತವಳ ಹೆಸರು ಕೇಳಿರಲಿಲ್ಲ. 'ಆಯಿ' ಎಂದರೆ ಸಾಕಾಗಿತ್ತು.

ಫಾರ್ಮು ನೋಡಿ ನಕ್ಕ ಆ ಹಿರಿಯರ ಮಾತು ನಿಜವೇ. ಪಗಾರ ಬರುವವಳು ಸಂಜೆ ತಾಸು ಹೊತ್ತು ಹೊಲಿದರೆ ಹವ್ಯಾಸ. ಬೇಸರವಾದರೆ ಮಡಿಚಿಡಬಹುದು, ಸೊಂಟ ನೊಂದರೆ ನಾಳೆ ನೋಡಬಹುದು. ನಾಲ್ಕೇ ದಿನದಲ್ಲಿ ಮುಗಿಸಿ ಮುಂದಿನ ಊರಿಗೆ ನಡೆಯಬೇಕಾದವಳಿಗೆ ಅದು ಬೇರೆಯೇ. ಈಗ ಸಂತೆಯಲ್ಲಿ ಯಾರಾದರೂ ಕೌದಿ ಹರವಿಕೊಂಡು ಕೂತಿದ್ದರೆ ನಾನು ಕೇಳಿದಷ್ಟು ಕೊಡುತ್ತೇನೆ, ಹೆಸರನ್ನೂ ಕೇಳುತ್ತೇನೆ. ಅದರಿಂದ ಆ ಇಪ್ಪತ್ತು ರೂಪಾಯಿ ತೀರಿತೆಂದು ತಿಳಿದಿಲ್ಲ.

ಈ ವರ್ಷ ಸೊಸೆ ಬಸುರಿ. ಮಗ ಫೋನು ಮಾಡಿ, "ಅವ್ವಾ, ನೀ ಹೊಲಿದ ಹೊಸಾ ಕೌದಿ ಕಳಸು" ಎಂದ. ಹೊಸದು ಬೇಡ, ಹಳೆಯದನ್ನೇ ಕಳಿಸುತ್ತೇನೆಂದೆ. ಅವನು ಮಲಗಿ ಬೆಳೆದ ಕೌದಿ ಅದು. ಮೇಲಿನ ತುಂಡುಗಳು ಅಲ್ಲಲ್ಲಿ ಜಿಬಿರಿವೆ. ಒಳಗಿನ ಧೋತರ ಮಾತ್ರ ಇಷ್ಟು ವರ್ಷದಲ್ಲಿ ಎಲ್ಲಿಯೂ ಸರಿದಿಲ್ಲ. ದಿನಾ ಸಂಜೆ ಅದಕ್ಕೆ ಹೊಸ ತೇಪೆ ಹಾಕುತ್ತಿದ್ದೇನೆ. ಅವಳ ದಾರ ಒಂದನ್ನೂ ಕತ್ತರಿಸದೆ, ಅವಳ ಸಾಲಿನ ಬಗಲಿಗೇ ನನ್ನ ಸಾಲು. ಅವಳದು ಗೆರೆ ಎಳೆದಂತೆ ನೇರ, ನನ್ನದು ಒಂದನೆಯ ಇಯತ್ತೆಯ ಹುಡುಗರ ಅಕ್ಷರದಂತೆ ಸೊಟ್ಟ. ಇನ್ನೂ ಒಂದು ಮೂಲೆ ಉಳಿದಿದೆ.