ರೊಟ್ಟಿಯ ಲೆಕ್ಕ

ನಾಷ್ಟಾದ ಹೊತ್ತು ಮೀರಿರಬೇಕು, ಊಟದ ಹೊತ್ತು ಇನ್ನೂ ಆಗಿರಬಾರದು. ಆ ನಡುವಿನ ಹೊತ್ತಿಗೆ ಇಂಗ್ರೇಜಿಯವರು ‘ಬ್ರಂಚ್’ ಎಂದು ಹೆಸರಿಟ್ಟಿದ್ದಾರೆ. 1895ರಲ್ಲಿ ಗೈ ಬೆರಿಂಜರ್ ಎಂಬ ಮಹಾನುಭಾವ ಇಂಗ್ಲೆಂಡಿನ ಒಂದು ವಾರಪತ್ರಿಕೆಯಲ್ಲಿ ಇದರ ಪರವಾಗಿ ವಕಾಲತ್ತು ನಡೆಸಿದನಂತೆ. ಶನಿವಾರ ರಾತ್ರಿ ತಡವಾಗಿ ಮಲಗಿದವನನ್ನು ರವಿವಾರ ಬೆಳಗಿನಲ್ಲಿ ಎಬ್ಬಿಸಿ ತಿನ್ನಿಸುವುದು ಯಾವ ನ್ಯಾಯ, ಎಂಬುದು ಅವನ ವಾದದ ತಿರುಳು. ಅಟ್ಲಾಂಟದಲ್ಲಿರುವ ಮಗಳ ಮನೆಗೆ ಹೋದಾಗ ಅವಳು ನನ್ನನ್ನು ಇಂಥದೊಂದು ಊಟಕ್ಕೆ ಕರೆದೊಯ್ದಳು. ಓಣಿಯ ಮೂಲೆಯ ಸಣ್ಣ ಉಪಹಾರಗೃಹ. ಹೊರಗೆ ಸಾಲು ನಿಂತ ಜನ. ಅರ್ಧ ತಾಸು ಕಾದ ಮೇಲೆ ನಮ್ಮ ಮುಂದೆ ಬಂದದ್ದೇನು? ‘ಗ್ರಿಟ್ಸ್’ ಎಂಬ ಹೆಸರು ಹೊತ್ತ ಗೋವಿನಜೋಳದ ನುಚ್ಚು! ಮೇಲೆ ಬೆಣ್ಣೆ. “ಇದು ಇಲ್ಲಿಯ ದಕ್ಷಿಣದವರ ಮನೆಯೂಟ ಅಪ್ಪಾ, ತಿಂದರೆ ಅವರಿಗೆ ತಾಯಿ ನೆನಪಾಗುತ್ತಾಳೆ” ಎಂದಳು ಮಗಳು. ನಾನು ನುಚ್ಚನ್ನು ಬಾಯಲ್ಲಿಟ್ಟು ಮಜ್ಜಿಗೆ ಇದೆಯೇ ಎಂದು ಕೇಳಿದೆ. ಅವಳು ನಕ್ಕಳು.

ನಮ್ಮ ಕಡೆಗೆ ಈ ಹೊತ್ತಿನ ಊಟ ಹೊಸದಲ್ಲ. ಅದಕ್ಕೆ ಹೆಸರಿಡುವ ಗೊಡವೆಗೆ ಮಾತ್ರ ಯಾರೂ ಹೋಗಲಿಲ್ಲ. ನಸುಕಿನಲ್ಲಿ ಮಗ್ಗಕ್ಕೆ ಕುಳಿತ ನೇಕಾರ, ಬೆಲ್ಲದ ಪೆಂಟಿ ಹೊತ್ತ ಹಮಾಲ, ಚಕ್ಕಡಿ ಕಟ್ಟಿಕೊಂಡು ಪೇಟೆಗೆ ಬಂದ ಒಕ್ಕಲಿಗ, ಇವರಿಗೆಲ್ಲ ಹತ್ತು ಹನ್ನೊಂದಕ್ಕೆ ರೊಟ್ಟಿ ಬೇಕು. ಆಮೇಲೆ ಊಟವಾಯಿತೇ ಎಂದು ಕೇಳುವುದು ಸಂಜೆಗೆ.

ಮಹಾಲಿಂಗಪುರವನ್ನು ಕಂಡವರಿಗೆ ಇದನ್ನು ಹೇಳಬೇಕಾದ್ದಿಲ್ಲ. ಮುಧೋಳವೆಂದರೆ ಜನಕ್ಕೆ ರನ್ನ ನೆನಪಾಗುತ್ತಾನೆ, ಇಲ್ಲವೆ ನಾಯಿ ನೆನಪಾಗುತ್ತದೆ. ಮಗ್ಗುಲಲ್ಲೇ ಇರುವ ನಮ್ಮೂರಿನ ಹೆಸರು ತೆಗೆದರೆ ಮಾತ್ರ ಬೆಲ್ಲದ ಪೇಟೆ. ಮಹಾಲಿಂಗೇಶ್ವರನ ಗುಡಿ, ಮಗ್ಗದ ಸದ್ದು, ಬೆಲ್ಲದ ವಾಸನೆ, ಈ ಮೂರರಲ್ಲಿ ಊರು ಮುಗಿಯಿತು. ಘೋರ್ಪಡೆಯವರ ಮುಧೋಳ ಸಂಸ್ಥಾನದಲ್ಲಿದ್ದ ಊರು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ವಿಜಾಪುರ ಜಿಲ್ಲೆಯಲ್ಲಿದ್ದದ್ದು 1997ರಲ್ಲಿ ಬಾಗಲಕೋಟೆಯ ಪಾಲಾಯಿತು. ದೊರೆಗಳೂ ಜಿಲ್ಲೆಗಳೂ ಬದಲಾದರೂ ‘ಖಾನಾವಳಿ’ ಎಂಬ ಶಬ್ದ ಮಾತ್ರ ಬಂದಲ್ಲಿಯೇ ನಿಂತಿತು. ಮರಾಠಿಯ ‘ಖಾಣಾವಳ’ ಅದು. ಮುಂಬಯಿಯ ಗಿರಣಿಗಳಲ್ಲಿ ದುಡಿಯಲು ಹೋದ ಒಂಟಿ ಗಂಡಸರಿಗೆ ಚಾಳುಗಳ ಹೆಂಗಸರು ತಿಂಗಳ ಲೆಕ್ಕದ ಮೇಲೆ ರೊಟ್ಟಿ ಪಲ್ಯ ಮಾಡಿ ಹಾಕುತ್ತಿದ್ದರು. ಆ ಹೆಂಗಸರು ಬಡ್ಡಿಯ ಸಾಲದಲ್ಲಿ ಮುಳುಗಿರುವುದನ್ನು ಕಂಡು ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರೆಂದು ಓದಿದಾಗ ನನಗೆ ಬಹಳ ಹೊತ್ತು ಬೇರೆ ಪುಟ ತಿರುವಲಾಗಲಿಲ್ಲ. ಅದೇಕೆಂಬುದನ್ನು ಮುಂದೆ ಹೇಳುತ್ತೇನೆ.

ಹೋದ ಮಾಘದಲ್ಲಿ ತಂಗಿಯ ಮೊಮ್ಮಗನ ಜಾವಳಕ್ಕೆಂದು ಹುಬ್ಬಳ್ಳಿಯಿಂದ ಹೊರಟೆ. ತಂಗಿಯ ಮನೆ ಬನಹಟ್ಟಿಯಲ್ಲಿ. ಹಿಂದಿನ ದಿನವೇ ಮಹಾಲಿಂಗಪುರದಲ್ಲಿ ಇಳಿದು ಗುಡಿಗೆ ಹೋಗಿ, ಪೇಟೆಯ ಹಿಂದಿನ ಓಣಿಗೆ ಕಾಲು ಹಾಕಿದೆ. ಹತ್ತೂವರೆಯಾಗಿತ್ತು. ಒಂದು ಮನೆಯ ಪಡಸಾಲೆಯಲ್ಲಿ ನಾಲ್ಕು ಬಾಕು, ಗೋಡೆಗೆ ಬಸವಣ್ಣನವರ ಪಟ, ಬಾಗಿಲಲ್ಲಿ ನೀರಿನ ಕೊಡ. ಒಳಗಿನಿಂದ ಟಪ್ ಟಪ್ ಎಂದು ರೊಟ್ಟಿ ಬಡಿಯುವ ಸದ್ದು. ಆ ಸದ್ದನ್ನು ಕೇಳಿದ ಮೇಲೆ ನಾನು ಮುಂದೆ ಹೋಗುವ ಮಾತೇ ಇರಲಿಲ್ಲ.

ತಾಟು ಬಂತು. ವಾಚಕರು ತುಸು ತಾಳ್ಮೆಯಿಂದಿರಬೇಕು. ತಾಟಿನ ಮುಂದೆ ಅವಸರ ಮಾಡುವ ಅಭ್ಯಾಸ ನನಗಿಲ್ಲ. ಎಣ್ಣೆ ಮೇಲೆ ತೇಲುವ ತುಂಬಗಾಯಿ ಬದನೆಕಾಯಿ. ಅದರ ಹೊಟ್ಟೆಯಲ್ಲಿ ಶೇಂಗಾ, ಗುರೆಳ್ಳು, ಹುಣಸೆ, ತುಸು ನಮ್ಮೂರಿನದೇ ಬೆಲ್ಲ. ಮಡಿಕೆಕಾಳಿನ ಪಲ್ಯ. ಝುಣಕದ ಒಂದು ವಡೆ. ಒಂದು ಮೂಲೆಗೆ ಶೇಂಗಾ ಹಿಂಡಿ, ಇನ್ನೊಂದು ಮೂಲೆಗೆ ಅಗಸಿ ಹಿಂಡಿ, ಅದರ ಮೇಲೆ ಕುಣಿ ತೋಡಿ ಹೊಯ್ದ ಗಟ್ಟಿ ಮೊಸರು. ತೊಳೆದಿಟ್ಟ ಮೆಂತೆಯ ಎಸಳು, ಹಕ್ಕರಕಿ, ಗುದ್ದಿ ಒಡೆದ ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಕೊಯ್ದರೆ ಅದು ಅಡಿಗೆ. ಗುದ್ದಿದರೇ ಅದು ಊಟ. ಕೊನೆಗೆ ಹಂಚಿನಿಂದ ಇಳಿದ ರೊಟ್ಟಿ, ಉಬ್ಬಿದ ಹೊಟ್ಟೆ ಇನ್ನೂ ಇಳಿಯದೆ.

ಜೋಳದ ರೊಟ್ಟಿಯ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಸಕ್ಕರೆಯ ರೋಗವಿರುವ ನನಗೆ ಡಾಕ್ಟರರು ಅದನ್ನೇ ಬರೆದುಕೊಟ್ಟರು, ಹೊತ್ತಿಗೆ ಎರಡೆಂದು. ಅನ್ನ ಉಣ್ಣುವುದು ಹಬ್ಬವೆಂದುಕೊಂಡಿದ್ದ ಮನೆಯ ಹುಡುಗನಿಗೆ ರೊಟ್ಟಿಯೇ ಔಷಧವಾದದ್ದು ಒಂದು ತಮಾಷೆ. ಆದರೆ ಅದನ್ನು ಬಡಿಯುವ ಕಷ್ಟವನ್ನು ಯಾರೂ ಬರೆದುಕೊಡುವುದಿಲ್ಲ. ಗೋದಿಗಿರುವ ಅಂಟು ಜೋಳಕ್ಕಿಲ್ಲ. ಕುದಿಯುವ ಎಸರು ಹೊಯ್ದು, ಕೈ ಸುಡುವಾಗಲೇ ನಾದಿ ಜಿಗಿ ಬರಿಸಬೇಕು. ಲಟ್ಟಣಿಗೆಗೆ ಅದು ಒಲಿಯುವುದಿಲ್ಲ. ಅಂಗೈಯಿಂದ ಬಡಿಯುತ್ತ ತಿರುಗಿಸಬೇಕು. ಹಂಚಿಗೆ ಹಾಕಿದೊಡನೆ ಮೇಲೆ ನೀರು ಸವರಬೇಕು. ಜೋಳವೂ ಒಳ್ಳೆಯದಿರಬೇಕು, ಸೋಲಾಪುರದ ಬಳಿಯ ಮೊಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ಎಂ. 35-1 ಎಂಬ ಮಾಲದಂಡಿ ಜೋಳ ನಮ್ಮ ಎರೆಹೊಲಗಳಲ್ಲಿ ಹಿಂಗಾರಿಗೆ ಇಂದಿಗೂ ಬೀಳುತ್ತದೆ. ಮುತ್ತಿನಂಥ ಕಾಳು, ಬೆಳ್ಳಗಿನ ರೊಟ್ಟಿ.

ಬಡಿಯುತ್ತಿದ್ದ ಹೆಣ್ಣುಮಗಳು ನನ್ನ ಎದುರಿಗೇ ಕಾಣುತ್ತಿದ್ದಳು. ಮೂವತ್ತೈದರ ಒಳಗಿನವಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆನೆಂದು ತೋರುತ್ತದೆ. “ಯಾಕ್ರಿ ಕಾಕಾ, ದಪ್ಪ ಆಗ್ಯಾವೇನು?” ಎಂದಳು. ಇಲ್ಲವೆಂದು, ಸುಮ್ಮನಿರಲಾರದೆ, ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿಯಾಗುತ್ತವೆಂದು ಕೇಳಿದೆ.

“ಹನ್ನೆರಡು ಆಗತಾವ್ರಿ. ತೆಳ್ಳಗ ಬಡದ್ರ ಹದಿಮೂರ ಬರತಾವ. ಆದ್ರ ಅದು ಎಲ್ಲಾರ ಕೈಲೆ ಆಗೂದಿಲ್ಲ, ಹರೀತಾವ.”

ನನ್ನ ತುತ್ತು ಕೈಯಲ್ಲೇ ಉಳಿಯಿತು.

1972ರಲ್ಲಿ ನನಗೆ ಹತ್ತು ವರ್ಷ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ಮಗ್ಗ ಮಾರಿದ್ದೆವು. ಆ ವರ್ಷದ ಬರವನ್ನು ಕಂಡವರು ಈಗಲೂ ಬರವೆಂದರೆ ಅದನ್ನೇ ನೆನೆಯುತ್ತಾರೆ. ಅವ್ವ ಪೇಟೆಯ ಒಂದು ಖಾನಾವಳಿಗೆ ಮನೆಯಲ್ಲೇ ರೊಟ್ಟಿ ಬಡಿದುಕೊಡುತ್ತಿದ್ದಳು. ಹಿಟ್ಟು ಅವರದು, ಸೌದೆಯೂ ಕೈಯೂ ನಮ್ಮವು. ಸಂಜೆಗೆ ಐದು ಕಿಲೋ ಹಿಟ್ಟು ತೂಗಿ ಕೊಡುವರು, ಮರುದಿನ ಹತ್ತರೊಳಗೆ ಅರವತ್ತು ರೊಟ್ಟಿ ಎಣಿಸಿ ಒಪ್ಪಿಸಬೇಕು. ಬುಟ್ಟಿ ಹೊರುವ ಕೆಲಸ ನನ್ನದು. ಸಾಲೆಯ ಹುಡುಗರ ಕಣ್ಣಿಗೆ ಬೀಳಬಾರದೆಂದು ನಾನು ಹಿತ್ತಿಲ ಸಂದಿಗಳಲ್ಲಿ ಸುತ್ತಿ ಹೋಗುತ್ತಿದ್ದೆ. ಅವ್ವ ಬೇರೆಯವರಿಗೆ ರೊಟ್ಟಿ ಬಡಿಯುತ್ತಾಳೆಂದರೆ ನನಗೆ ನಾಚಿಕೆ.

ಬುಟ್ಟಿಯಲ್ಲಿದ್ದದ್ದು ಬಿಳಿ ರೊಟ್ಟಿ. ಮನೆಯಲ್ಲಿ ನಾವು ಉಣ್ಣುತ್ತಿದ್ದದ್ದು ನ್ಯಾಯಬೆಲೆ ಅಂಗಡಿಯ ಕೆಂಪು ಜೋಳದ್ದು. ಅಮೆರಿಕಾದಿಂದ ಹಡಗಿನಲ್ಲಿ ಬಂದ ‘ಮೈಲೋ’ ಅದು. ಅಲ್ಲಿ ದನಗಳಿಗೆ ಹಾಕಲು ಬೆಳೆಯುವುದು. ಕೊಟ್ಟವರನ್ನು ಬೈಯುವುದು ಸರಿಯಲ್ಲ, ಅದು ಬಾರದಿದ್ದರೆ ಎಷ್ಟೋ ಒಲೆ ಉರಿಯುತ್ತಿರಲಿಲ್ಲ. ಆದರೆ ಆ ಹಿಟ್ಟಿಗೆ ಜಿಗಿಯೇ ಇಲ್ಲ. ಅವ್ವನಂಥ ಅವ್ವನ ಕೈಯಲ್ಲೂ ಮುರಿದು ಬೀಳುತ್ತಿತ್ತು. ತಲೆಯ ಮೇಲೆ ಬಿಸಿ ಬಿಳಿ ರೊಟ್ಟಿಯ ಬುಟ್ಟಿ, ಹೊಟ್ಟೆಯಲ್ಲಿ ಕೆಂಪು ರೊಟ್ಟಿಯ ಚೂರು. ಒಂದು ದಿನ ಸಂದಿಯಲ್ಲಿ ಬುಟ್ಟಿ ಇಳಿಸಿ ಒಂದು ರೊಟ್ಟಿ ತೆಗೆದು ತಿಂದೆ.

ಸಾವುಕಾರರು ಎಣಿಸಿ “ಐವತ್ತೊಂಬತ್ತು” ಎಂದರು. ಆ ಸುದ್ದಿಯನ್ನು ಮನೆಗೆ ಹೊತ್ತವನೂ ನಾನೇ. “ಅವ್ವಾ, ನೀ ಸರಿಯಾಗಿ ಎಣಸಂಗಿಲ್ಲ, ಒಂದು ಕಡಿಮಿ ಬಂದೈತಿ” ಎಂದೆ. ಅವಳು ನನ್ನ ಮೋರೆ ನೋಡಿ, “ಹೂನಪ್ಪಾ, ಹೊಗಿಗೆ ಕಣ್ಣು ಮಂಜಾಗ್ಯಾವು” ಎಂದಳು. ಮರುದಿನವೂ ನಾನು ಒಂದು ತಿಂದೆ. ಎಣಿಕೆ ಅರವತ್ತೇ ಬಂತು. ನನಗೆ ಧೈರ್ಯ ಬಂತು. ತಂಗಿಗೊಂದು ತೆಗೆದಿಟ್ಟೆ. ಸಂದಿಯಲ್ಲಿ ಕಂಡ ಗೆಳೆಯನೊಬ್ಬ ಹೇಳಿಬಿಡುತ್ತೇನೆಂದು ಹೆದರಿಸಿದ. ಅವನ ಬಾಯಿಗೆ ಎರಡು. ನನ್ನದೂ ಎರಡಾಯಿತು. ಪ್ರತಿಸಲ ಹೆಚ್ಚಿಸಿದ ದಿನ ಒಂದೆರಡು ಕಡಿಮೆ, ನಾನು ಅವ್ವನಿಗೆ ಎಣಿಕೆಯ ಪಾಠ ಹೇಳುವುದು, ಮರುದಿನದಿಂದ ಅರವತ್ತು ಭರ್ತಿ. ದೀಪಾವಳಿಯ ಹೊತ್ತಿಗೆ ದಿನಕ್ಕೆ ಐದು.

ಆಮೇಲೊಂದು ದಿನ ಸಾವುಕಾರರು ರೊಟ್ಟಿಗಳನ್ನು ತಕ್ಕಡಿಗೆ ಹಾಕಿದರು. ಅವ್ವನನ್ನು ಕರೆತರಲು ನನ್ನನ್ನೇ ಅಟ್ಟಿದರು. ಅವಳು ಹಿಂದಿನ ಬಾಗಿಲಲ್ಲಿ ಸೆರಗು ಹೊದ್ದು ನಿಂತಳು. ರೊಟ್ಟಿ ತೆಳ್ಳಗಾಗಿವೆ, ತೂಕ ಬರುತ್ತಿಲ್ಲ, ಹಿಟ್ಟು ಎಲ್ಲಿಗೆ ಹೋಗುತ್ತಿದೆ ಎಂದು ಅವರು ಕೇಳಿದರು. ಕೂಗಾಡಲಿಲ್ಲ, ಊಟಕ್ಕೆ ಬಂದವರು ಕೇಳುವಷ್ಟು ಮಾತ್ರ ಗಟ್ಟಿಯಾಗಿ ಕೇಳಿದರು. ಅವ್ವ ನನ್ನ ಕಡೆ ನೋಡಲಿಲ್ಲ. “ನನ್ನ ಕೈ ತಪ್ಪೈತ್ರಿ” ಎಂದಳು. ಅಷ್ಟೆ. ಅಂದಿನಿಂದ ನಮಗೆ ಹಿಟ್ಟು ಬರಲಿಲ್ಲ. ಅವ್ವ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋದಳು.

ನನಗೆ ಆಗ ಗೊತ್ತಿರಲಿಲ್ಲವೇ? ಅರ್ಧ ಗೊತ್ತಿತ್ತು, ಅರ್ಧ ಗೊತ್ತಿರಲಿಲ್ಲ. ಮಾತು ಬಂದದ್ದು ತೂಕದ ಬಗ್ಗೆ, ಎಣಿಕೆಯ ಬಗ್ಗೆ ಅಲ್ಲ. ನನ್ನ ಕಳವು ಎಣಿಕೆಯದು. ಆದ್ದರಿಂದ ನನಗೂ ಇದಕ್ಕೂ ಸಂಬಂಧವಿಲ್ಲವೆಂದು ಹತ್ತು ವರ್ಷದ ವಕೀಲ ತೀರ್ಪು ಕೊಟ್ಟುಕೊಂಡ. ಆ ತೀರ್ಪಿನ ಮೇಲೆಯೇ ಐವತ್ತು ವರ್ಷ ನಡೆದುಬಂದೆ.

ಅವ್ವ ಮುಂದೆ ಹುಬ್ಬಳ್ಳಿಯಲ್ಲಿ ನನ್ನ ಜೊತೆಗೇ ಇದ್ದಳು. ಅವಳ ರೊಟ್ಟಿ ನಮ್ಮ ಬಳಗದಲ್ಲೆಲ್ಲ ಹೆಸರುವಾಸಿ. ಹಾಳೆಯಂಥ ರೊಟ್ಟಿ; ಎತ್ತಿ ಹಿಡಿದರೆ ಆಚೆಯ ಬೆಳಕು ಕಾಣಬೇಕು. ನನ್ನ ಆಫೀಸಿನ ಗೆಳೆಯರು ಬುತ್ತಿಯ ಡಬ್ಬಿಗೆ ಮುತ್ತುತ್ತಿದ್ದರು. “ನಮ್ಮ ಅವ್ವನಿಗೆ ಇದು ಹುಟ್ಟಿನಿಂದ ಬಂದ ಕೈಗುಣ” ಎಂದು ನಾನು ಕೊಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ. ಅವಳು ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು. ಹುಟ್ಟಿನಿಂದ ಬಂದದ್ದಲ್ಲ, 1972ರ ದೀಪಾವಳಿಯೊಳಗೆ ಕಲಿತದ್ದು. ಕಿಲೋಕ್ಕೆ ಒಂದರಂತೆ ಐದು ಕಿಲೋಕ್ಕೆ ಐದು. ಇಷ್ಟು ಸಣ್ಣ ಲೆಕ್ಕವನ್ನು, ಜೀವಮಾನವೆಲ್ಲ ಬ್ಯಾಂಕಿನಲ್ಲಿ ಲೆಕ್ಕ ಬರೆದ ನಾನು, ಪರಊರಿನವನಂತೆ ಖಾನಾವಳಿಯ ಬಾಕಿನ ಮೇಲೆ ಕುಳಿತು ಬೇರೊಬ್ಬಳ ಬಾಯಿಂದ ಕೇಳಬೇಕಾಯಿತು. ಅವ್ವ ಹೋಗಿ ಹದಿನೆಂಟು ವರ್ಷವಾಯಿತು.

“ಇನ್ನೊಂದು ಹಾಕ್ಲೇನ್ರಿ ಕಾಕಾ? ಬಿಸಿ ಐತಿ” ಎಂದು ಆ ಹೆಣ್ಣುಮಗಳು ಕೇಳಿದಳು. ಹಾಕಿಸಿಕೊಂಡೆ. ಡಾಕ್ಟರರ ಎರಡು ಯಾವಾಗಲೋ ದಾಟಿತ್ತು. ಮೊಸರು ಕಲಸಿದ ನುಚ್ಚಿನೊಂದಿಗೆ ಊಟ ಮುಗಿಸಿ, ಎಷ್ಟು ರೊಟ್ಟಿಯಾದವೆಂದು ಲೆಕ್ಕ ಹೇಳಲು ಹೋದೆ. ಅವಳ ಗಂಡನಿರಬೇಕು, ಗಲ್ಲೆಯ ಮೇಲಿದ್ದವನು ಕೈ ಆಡಿಸಿದ: “ಊಟಕ್ಕ ಇಷ್ಟು ಅಂತ ರೊಕ್ಕರಿ. ರೊಟ್ಟಿ ಎಣಸೂದಿಲ್ಲ ನಾವು.”

ಸಂಜೆ ಬನಹಟ್ಟಿಯಲ್ಲಿ, ಮನೆತುಂಬ ಬಂದವರ ಗದ್ದಲದ ನಡುವೆ, ತಂಗಿಯನ್ನು ಹಿತ್ತಿಲಿಗೆ ಕರೆದು ಎಲ್ಲ ಹೇಳಿದೆ. ಅವಳಿಗೂ ಈಗ ಅರವತ್ತು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಕೇಳಿದಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಏನೋ ಹೊಳೆದವಳಂತೆ ತಲೆಯೆತ್ತಿದಳು.

“ದಿನಾ ಐದ ತಗೀತಿದ್ದ್ಯಾ? ನನಗ ಒಂದ ಕೊಟ್ಟು, ಇದ್ದದ್ದ ಇದೊಂದು, ನಾನೂ ತಿಂದಿಲ್ಲ ಅಂತಿದ್ದೆಲ್ಲೋ!”