ಶಿವಾಲಿಕದ ಆದಿಗಜಗಳು

ಹರಿದ್ವಾರದ ಯಾತ್ರೆಯನ್ನು ಮುಗಿಸಿಕೊಂಡು ಹಿಂದಿರುಗುವಾಗ ನಾವು ಸಕುಟುಂಬರಾಗಿ ಹಿಮಾಚಲಪ್ರದೇಶದ ಸಿರ್ಮೌರ್ ಜಿಲ್ಲೆಯ ಸುಕೇತಿ ಗ್ರಾಮಕ್ಕೆ ಹೋಗಿದ್ದೆವು. ಮಾರ್ಕಂಡಾ ನದಿಯ ಕಣಿವೆ. ಸುತ್ತಲೂ ಶಿವಾಲಿಕದ ಕುರುಚಲು ಗುಡ್ಡಗಳು. ಇಲ್ಲಿ ೧೯೭೪ರಲ್ಲಿ ಸ್ಥಾಪಿತವಾದ ಪಳೆಯುಳಿಕೆಗಳ ಉದ್ಯಾನವಿರುವುದು. ಪ್ರಾಚೀನ ಮೃಗಗಳ ನಿಜಗಾತ್ರದ ಪ್ರತಿಮೆಗಳ ನಡುವೆ ನೀಳದಂತದ ಆನೆಯನ್ನು ಕಂಡು ನಾವು ಬೆರಗಾಗಿ ನಿಂತೆವು.

ನಮ್ಮ ಬೆರಗಿಗೆ ಬೇರೊಂದು ಕಾರಣವೂ ಇದ್ದಿತು. ನಾವು ಉಪಾಧ್ಯಾಯರಾಗಿದ್ದಾಗ ಒಬ್ಬ ವಿದ್ಯಾರ್ಥಿಯು, “ಹಿಮಾಲಯದ ಬಳಿ ದೊರೆತ ಮಹಾಸ್ಥಿಗಳು ರಾಕ್ಷಸರವೇ ಸ್ವಾಮಿ?” ಎಂದು ಕೇಳಿದ್ದನು. ಪುರಾಣಪಾಠದ ಭರದಲ್ಲಿ ನಾವು ಹೌದೆಂದುಬಿಟ್ಟೆವು.

ಅವು ರಾಕ್ಷಸರವಲ್ಲ. ಸಹಾರನಪುರದ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ ಫಾಲ್ಕನರ್ ಎಂಬ ವೈದ್ಯನೂ, ಕಾಲುವೆಗಳ ಇಂಜಿನಿಯರನಾದ ಕಾಟ್ಲೆಯೂ ೧೮೩೦ರ ದಶಕದಲ್ಲಿ ಈ ಗುಡ್ಡಸಾಲಿನಲ್ಲಿ ಶಿಲೀಭೂತ ಅಸ್ಥಿಗಳನ್ನು ಸಂಗ್ರಹಿಸಿದರು. ೧೮೩೭ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಪದಕವನ್ನು ಪಡೆದರು. ಆನೆಯ ಬಂಧುವೊಂದಕ್ಕೆ ಅವರು ನಮ್ಮ ವಿಘ್ನೇಶ್ವರನ ಹೆಸರನ್ನೇ ಇಟ್ಟರು. ಅದೇ ‘ಸ್ಟೆಗೋಡಾನ್ ಗಣೇಶ’. ಗ್ರೀಕ್ ಭಾಷೆಯಲ್ಲಿ ಸ್ಟೆಗೋಡಾನ್ ಎಂದರೆ ಮಾಡಿನಂಥ ಹಲ್ಲುಳ್ಳದ್ದು. ದವಡೆಹಲ್ಲಿನ ಏಣುಗಳು ಮನೆಯ ಮಾಡುಗಳನ್ನು ಸಾಲಾಗಿಟ್ಟಂತೆ ತೋರುವುವು. ಅದರ ಕಡೆಯಲ್ಲಿರುವ ‘ಓಡಾನ್’ ನಮ್ಮ ‘ದಂತ’ಕ್ಕೆ ಜ್ಞಾತಿಯಾದ ಶಬ್ದ.

ಇದರ ದಂತಗಳು ೧೦ ಅಡಿಗೂ ಮಿಕ್ಕು ಬೆಳೆಯುತ್ತಿದ್ದುವೆಂದೂ, ಬುಡದಲ್ಲಿ ಒಂದಕ್ಕೊಂದು ಒತ್ತಿಕೊಂಡಿರುತ್ತಿದ್ದುವೆಂದೂ ಹೇಳಿದಾಗ ನಮ್ಮ ಮನೆಯವರು, “ಹಾಗಾದರೆ ಸೊಂಡಿಲಿಗೆ ಜಾಗವೆಲ್ಲಿ?” ಎಂದು ಕೇಳಿದರು. ವಿದ್ವಾಂಸರನ್ನು ಚಿಂತೆಗೀಡುಮಾಡಿದ ಪ್ರಶ್ನೆಯೂ ಅದೇ! ಸೊಂಡಿಲು ದಂತಗಳ ಪಕ್ಕಕ್ಕೆ ಜೋಲುತ್ತಿದ್ದಿರಬೇಕೆಂದು ಅವರ ಊಹೆ.

ಈ ಕುಲದ ಪ್ರಾಣಿಗಳು ಭರತಖಂಡದಲ್ಲಿ ಮಾತ್ರವಲ್ಲದೆ ಚೀನ, ಜಪಾನ್, ಜಾವಾಗಳಲ್ಲಿಯೂ ಸಂಚರಿಸಿದ್ದುವು. ಕೆಲವು ಸಮುದ್ರವನ್ನು ಈಜಿ ಫ್ಲೋರೆಸ್ ದ್ವೀಪವನ್ನು ಸೇರಿದುವು. ಅಲ್ಲಿ ತಲೆಮಾರುಗಳು ಕಳೆದಂತೆ ಅವುಗಳ ದೇಹ ಕುಗ್ಗಿ ಕುಳ್ಳಾದುವು. ಸುಮಾರು ೫೦,೦೦೦ ವರ್ಷಗಳ ಹಿಂದೆ ಆ ಕುಳ್ಳಾನೆಗಳೂ ಅಳಿದುವು. ಸೊಂಡಿಲುಳ್ಳ ಮೃಗಗಳ ಆ ವಿಸ್ತಾರವಾದ ವಂಶದಲ್ಲಿ ಇಂದು ಜಗತ್ತಿನಲ್ಲಿ ಉಳಿದಿರುವುದು ೩ ಜಾತಿ ಮಾತ್ರ: ಆಫ್ರಿಕದವು ೨, ನಮ್ಮ ಏಷ್ಯದ್ದು ೧. ನಾಗರಹೊಳೆ, ಬಂಡೀಪುರಗಳ ಆನೆಯು ಅಷ್ಟು ದೊಡ್ಡ ಮನೆತನದಲ್ಲಿ ಉಳಿದ ಕುಡಿ.

ನಮ್ಮ ಆ ವಿದ್ಯಾರ್ಥಿಯು ಈಗ ಮಕ್ಕಳೊಂದಿಗನಾಗಿರಬೇಕು. ಈ ಪುಟವು ಅವನ ಕಣ್ಣಿಗೆ ಬಿದ್ದರೆ, ತನ್ನ ಮೇಷ್ಟರು ಅಂದು ತಪ್ಪು ಹೇಳಿದರೆಂದು ತಿಳಿದು, ಮಕ್ಕಳಿಗಾದರೂ ಸರಿಯಾದುದನ್ನು ಹೇಳಲಿ.