ಗುಡುಗುಡಿ, ಗಿಟಾರು ಮತ್ತು ನಮ್ಮ ಕಡೆ ಮಾತು

ರಘು ದೀಕ್ಷಿತ್ ಹಾಡು ಕೇಳಿದಾಗಲೆಲ್ಲ ನನಗೊಂದು ವಿಚಿತ್ರ ಖುಷಿ. ಬೆಳೆದದ್ದು ಮೈಸೂರಿನಲ್ಲಿ, ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ. ಗಿಟಾರ್ ಹಿಡಿದದ್ದು ಗೆಳೆಯನೊಬ್ಬನ ಸವಾಲಿಗೆ. ಆದರೆ ಆ ಬಾಯಿಂದ ಬರೋದು ನಮ್ಮ ಕುಂದಗೋಳ-ಶಿಗ್ಗಾಂವಿ ಕಡೆ ಮಾತು!

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಶರೀಫರ (1819-1889) ಶಿಶುನಾಳ ಈಗ ಹಾವೇರಿ ಜಿಲ್ಲೆಯಲ್ಲಿದೆ, 1997ರವರೆಗೆ ಅದೂ ಧಾರವಾಡ ಜಿಲ್ಲೆಯೇ. ಅವರ ಗುರು ಗೋವಿಂದಭಟ್ಟರದ್ದು ಕುಂದಗೋಳ ತಾಲೂಕಿನ ಕಳಸ. ಈ ಹಾಡುಗಳನ್ನು ನಾಡಿಗೆಲ್ಲ ಹಂಚಿದವರು ಸಿ. ಅಶ್ವತ್ಥ್. 1990ರಲ್ಲಿ ನಾಗಾಭರಣರ ಸಿನಿಮಾ ಬಂದ ಮೇಲಂತೂ ಮನೆಮನೆ ತಲುಪಿದವು.

ರಘು ಅವನ್ನು ರಾಕ್ ವೇದಿಕೆಗೆ ಒಯ್ದರು. ಮೊದಲು 'ಅಂತರಾಗ್ನಿ' ಬ್ಯಾಂಡ್, ಆಮೇಲೆ 'ರಘು ದೀಕ್ಷಿತ್ ಪ್ರಾಜೆಕ್ಟ್'. ಸಿನಿಮಾದ ಹಂಗಿಲ್ಲದೆ ಸ್ವಂತ ಹಾಡು ಕಟ್ಟಿಕೊಂಡು ನಿಲ್ಲೋದು ನಮ್ಮಲ್ಲಿ ಸುಲಭವಲ್ಲ. ವರ್ಷಗಟ್ಟಲೆ ಕಾದ ಮೇಲೆ 2008ರಲ್ಲಿ ವಿಶಾಲ್-ಶೇಖರ್ ಜೋಡಿಯ ಲೇಬಲ್‌ನಿಂದ ಮೊದಲ ಆಲ್ಬಂ ಬಂತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ 'ಗುಡುಗುಡಿಯ ಸೇದಿ ನೋಡೋ'! 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ. ಹೋದಲ್ಲೆಲ್ಲ ಲುಂಗಿ, ಕಾಲಿಗೆ ಗೆಜ್ಜೆ.

ಇದೆಲ್ಲ ಯಾಕೆ ದೊಡ್ಡದು ಅಂತೀರಾ? ಬೆಂಗಳೂರಿನ ಆಫೀಸಿನಲ್ಲಿ ನಾನು "ಏನ್ ಮಾಡಾಕತ್ತೀರಿ?" ಅಂದರೆ ಇವತ್ತಿಗೂ ಯಾರಾದರೂ ಕಿಸಕ್ಕನೆ ನಗ್ತಾರೆ. ಸಿನಿಮಾದಲ್ಲಿ ನಮ್ಮ ಮಾತು ಬಹಳ ಸಲ ಕಾಮಿಡಿಗಷ್ಟೇ. ಅದೇ ಮಾತಿಗೆ ಅದೇ ಬೆಂಗಳೂರಿನ ಹುಡುಗರು ಕೈ ಮೇಲೆತ್ತಿ ಕುಣಿಯೋದು ನೋಡಿದಾಗ... ಏನು ಹೇಳಲಿ, ಎದೆ ಉಬ್ಬುತ್ತೆ.

ಊರಿಗೆ ಹೋದಾಗ ಅಜ್ಜನಿಗೆ ಮೊಬೈಲಲ್ಲಿ ಕೇಳಿಸಿದೆ. ಅವ ಭಜನಿ ಮೇಳದವ. ಪೂರ್ತಿ ಕೇಳಿ, "ಭಾಳ ಚಲೋ ಹಾಡ್ಯಾನ. ಆದ್ರ ನಡುವ ನಿಂತು ಅರ್ಥ ಯಾಕ ಹೇಳವೊಲ್ಲ?" ಅಂದ.

ಮಾತು ನಾಟಿತು. ನಮ್ಮೂರ ಭಜನೆಯಲ್ಲಿ ನುಡಿ ಮುಗಿದ ಮೇಲೆ ಏಕತಾರಿ ನಿಲ್ಲುತ್ತೆ, ಹಿರಿಯರೊಬ್ಬರು ಒಗಟು ಬಿಡಿಸ್ತಾರೆ. ಗುಡುಗುಡಿಯಲ್ಲಿ ಸುಡಬೇಕಾದ್ದು ತಂಬಾಕಲ್ಲ, ಮೋಹ. ಹಚ್ಚಬೇಕಾದ ಬೆಂಕಿ ಬುದ್ಧಿ. ಗಿಟಾರಿನ ಓಟದಲ್ಲಿ ಇದಕ್ಕೆ ಪುರುಸೊತ್ತಿಲ್ಲ. ಹುಕ್ಕಾ ಹಾಡು ಅಂದುಕೊಂಡೇ ಕುಣಿಯೋರೂ ಇದ್ದಾರೆ :-)

ಆದರೂ ನಾನು ರಘು ಪರವೇ. ಚಿಕ್ಕಂದಿನಿಂದ ಕಿವಿಗೆ ಬಿದ್ದ ಹಾಡಿನ ಅರ್ಥವನ್ನು ನಾನು ಅಜ್ಜನ ಪಕ್ಕ ಕೂತು ಕೇಳಿದ್ದು ಆ ಗಿಟಾರು ಕೇಳಿದ ಮೇಲೆಯೇ. ಕುಣಿದ ನೂರು ಜನರಲ್ಲಿ ಇಬ್ಬರು ಹೀಗೆ ಕೇಳಿದರೂ ಹಾಡು ಬದುಕಿತು. ಹೇಳೋ ಅಜ್ಜಂದಿರು ಮಾತ್ರ ಕಡಿಮೆಯಾಗ್ತಿದ್ದಾರೆ.

ನಿಮ್ಮೂರ ಕಡೆ ಗುಡುಗುಡಿಗೆ ಬೇರೆ ಅರ್ಥ ಹೇಳ್ತಾರಾ? ತಿಳಿದವರು ದಯವಿಟ್ಟು ಬರೀರಿ.